ಕಿವಿಯಿದ್ದ ಗುಂಡು

ನಾನು ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡುವವನು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಕೂತರೆ ಏಳಬೇಕು ಅನ್ನಿಸುತ್ತೆ, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯಲ್ಲ. ಅದಕ್ಕೇ ಬಂದ ಕೆಲಸವನ್ನೆಲ್ಲ ಒಪ್ಪಿಕೊಳ್ಳುತ್ತಿದ್ದೆ.

ಬೆಂಗಳೂರಿನ ಒಂದು ಲ್ಯಾಬಿನ ಹುಡುಗಿ ಬಂದು, ಶಾಲೆ ಮಕ್ಕಳಿಗೆ ಜೀವಕೋಶ ಅಂತ ತೋರಿಸೋಕೆ ಕೆಂಪು, ಹಸಿರು ಬಣ್ಣದ ಮರದ ಗುಂಡುಗಳು ಬೇಕು ಅಂದಳು. ಅವರು ಲ್ಯಾಬಿನಲ್ಲಿ ತಾವೇ ಜೀವಕೋಶ ಮಾಡುತ್ತಾರಂತೆ. "ಅವು ಒಂದರ ಜೊತೆ ಒಂದು ಮಾತಾಡ್ತವೆ ಅಂಕಲ್" ಅಂದಳು. ಮಾತಾಡುತ್ತವೆ ಅಂದಳಲ್ಲ, ನಾನು ಕೆಂಪು ಗುಂಡಿಗೆಲ್ಲ ಬಾಯಿ, ಹಸಿರು ಗುಂಡಿಗೆಲ್ಲ ಕಿವಿ ಬರೆದಿಟ್ಟೆ.

ತಗೊಂಡು ಹೋಗಲು ಬಂದವಳು ನೋಡಿ ನಕ್ಕಳು. "ಬಾಯಿ ಕಿವಿ ಏನೂ ಇಲ್ಲ ಅಂಕಲ್. ಒಂದು, ನೀರಿಗೆ ಒಂಚೂರು ರಾಸಾಯನಿಕ ಬಿಡುತ್ತೆ. ಅದು ತಾಗಿದ್ರೆ ಇನ್ನೊಂದು ಹೊಳೆಯುತ್ತೆ. ಅಷ್ಟೇ."

"ಮೊದಲನೇದು ಬಿಡೋದು ನಿಲ್ಲಿಸ್ಬುಟ್ರೆ?" ಅಂತ ಕೇಳಿದೆ.

"ಇನ್ನೊಂದು ಸ್ವಲ್ಪ ಹೊತ್ತು ಹೊಳೀತಾನೇ ಇರುತ್ತೆ. ಹಿಂದೆ ಬಿಟ್ಟಿದ್ದು ನೀರಲ್ಲಿ ಉಳಿದಿರುತ್ತಲ್ಲ."

"ಒಸಿ ಹೊತ್ತು ಅಂದ್ರೆ ಎಷ್ಟೊತ್ತವ್ವ?"

ನನ್ನ ಮುಖ ನೋಡಿ ಅವಳ ನಗು ನಿಂತಿತು. "ಅದನ್ನೇ ನೋಡ್ತಾ ಇದೀವಿ."

"ಗೊತ್ತಾದ್ರೆ ನಂಗೂ ಹೇಳವ್ವ."

"ನಮ್ಮದ್ರಲ್ಲಿ ಗುಟ್ಟಿಲ್ಲ ಅಂಕಲ್. ಮಾಡೋ ರೀತಿ, ಕೆಟ್ಟಿದ್ದು, ಸರಿಹೋಗಿದ್ದು, ಎಲ್ಲಾ ಬರೆದು ಇಂಟರ್ನೆಟ್‌ನಲ್ಲಿ ಹಾಕ್ತೀವಿ. ಯಾರು ಬೇಕಾದ್ರೂ ಓದಿ ಮಾಡ್ಕೋಬಹುದು."

ಇಂಗ್ಲಿಷಿನಲ್ಲಿ ಹಾಕುತ್ತಾರಂತೆ. ನಾನು ಓದಿದ್ದು ಮೂರನೇ ಕ್ಲಾಸು.

ಬಾಯಿ, ಕಿವಿ ಎಲ್ಲ ಉಜ್ಜಿ, ಮತ್ತೆ ಅರಗು ಹಚ್ಚಿ ಕೊಟ್ಟೆ. ಕಿವಿಯಿದ್ದ ಒಂದು ಗುಂಡನ್ನು ಮಾತ್ರ ಕೊಡಲಿಲ್ಲ. ಅಡುಗೆಮನೆ ಕಿಟಕಿಯಲ್ಲಿದೆ. ಹೊಳೆಯುತ್ತಲೂ ಇದೆ. ಅರಗಿನ ಪಾಲಿಶ್ ಅಲ್ಲವೇ, ಅಷ್ಟು ಬೇಗ ಹೋಗುವುದಿಲ್ಲ.