ಖಾಲಿ ಜಾಗದ ನಡುವೆ ಒಂದು ನಳ

ಬೆಳಗಿನ ಐದೂಮುಕ್ಕಾಲು. ವಿಮಾನ ನಗರದ ಕಡೆಯಿಂದ ಏರಿದ ವಿಮಾನವೊಂದು ತಲೆಯ ಮೇಲೆ ಗುಡುಗುತ್ತ ಹಾದುಹೋಗುತ್ತದೆ. ಸಕ್ಕುಬಾಯಿ ತಲೆಯೆತ್ತುವುದಿಲ್ಲ. ಅವರ ಕಣ್ಣೆಲ್ಲ ಕೈಯಲ್ಲಿರುವ ಅಳತೆ ಕೋಲಿನ ಮೇಲೆ. ಕೋಲಿಗೆ ಕೂಡಿಸಿದ ಪುಟ್ಟ ಗಾಜಿನ ಬಟ್ಟಲಿನಲ್ಲಿ ಹಸಿರು ನೀರು, ನೀರಿನಲ್ಲಿ ಒಂದು ಗುಳ್ಳೆ. ಗುಳ್ಳೆ ನಡುವಿನ ಉಂಗುರದೊಳಗೆ ಬಂದು ನಿಂತರೆ ಕೋಲು ನೆಟ್ಟಗಿದೆ ಎಂದರ್ಥ. ಸಕ್ಕುಬಾಯಿ ಉಸಿರು ಹಿಡಿಯುತ್ತಾರೆ. ಮೂವತ್ತು ಹೆಜ್ಜೆ ಆಚೆ, ಮೂರು ಕಾಲಿನ ಯಂತ್ರದ ಹಿಂದೆ ಬಗ್ಗಿ ನಿಂತ ಸರ್ವೇಯರ್ ಸ್ವಪ್ನಿಲ್ "ಝಾಲಂ, ಮಾವಶಿ" ಎಂದು ಕೂಗುತ್ತಾರೆ. ಆಯಿತು, ಚಿಕ್ಕಮ್ಮಾ ಎಂದು. ಆಗಷ್ಟೇ ಸಕ್ಕುಬಾಯಿಯ ಉಸಿರು ಹೊರಬರುತ್ತದೆ.

"ಇನ್ನ ನಲವತ್ತೆರಡು ಮನಿ ಅದಾವ್ರಿ. ಎಂಟಕ್ಕ ಮಂದಿ ಎಲ್ಲಾ ನಾಕಾಕ್ಕ ಹೋಗಿಬಿಡತಾರ. ಮಂದಿ ಇದ್ದಾಗ ಅಳೀಬೇಕು. ಒಮ್ಮಿ ಮಂದಿ ಇಲ್ಲದಾಗ ಅಳದು ನೋಡೀನಿ, ಸಾಕಾಗೇದ" ಎನ್ನುತ್ತ ಅವರು ಕೋಲನ್ನು ಹೆಗಲಿಗೇರಿಸಿ ಮುಂದಿನ ಬಾಗಿಲಿಗೆ ನಡೆಯುತ್ತಾರೆ. ನಾಕಾ ಎಂದರೆ ಕೂಲಿಯವರು ಕೆಲಸಕ್ಕಾಗಿ ಬಂದು ನಿಲ್ಲುವ, ನಾಲ್ಕು ರಸ್ತೆ ಕೂಡುವ ಜಾಗ. ಇಲ್ಲಿನ ನಲವತ್ಮೂರು ಮನೆಗಳ ಗಂಡಸರು ಹೆಂಗಸರು ಎಲ್ಲರ ದಿನವೂ ಶುರುವಾಗುವುದು ಅಲ್ಲಿಂದ.

ಇದು ಪುಣೆಯ ಪೂರ್ವದಂಚಿನ ಭೋಕರವಾಡಿ. ಮೊನ್ನೆ ಮೊನ್ನೆಯವರೆಗೆ ಹಳ್ಳಿಯಾಗಿದ್ದು ಈಗ ನಗರವಾಗುತ್ತಿದೆ. ಅದು ಮುಂದಿನ ಇಪ್ಪತ್ತು ವರ್ಷ ಹೇಗೆ ಬೆಳೆಯಬೇಕು, ರಸ್ತೆ ಎಲ್ಲಿ, ಶಾಲೆ ಎಲ್ಲಿ, ಉದ್ಯಾನ ಎಲ್ಲಿ ಎಂಬ ಕರಡು ಯೋಜನೆ ಸಿದ್ಧವಾಗಿದ್ದು, ಸ್ಥಳೀಯ ಯೋಜನಾ ಮಂಡಳಿ ಅದನ್ನು ಪರಿಶೀಲಿಸುತ್ತಿದೆ. ಹದಿನಾಲ್ಕು ದೊಡ್ಡ ಹಾಳೆಗಳ ನಕ್ಷೆ, ಆರುನೂರಾ ಹನ್ನೆರಡು ಆಕ್ಷೇಪಣೆಗಳು. ನಕ್ಷೆಯ ಮೂಲೆಯಲ್ಲಿ ಅಧಿಕಾರಿಗಳ ಸಹಿಗಳಿವೆ, ತಯಾರಿಸಿದ ಕಂಪನಿಯ ಮುದ್ರೆಯಿದೆ. ಅದರ ಒಂದೊಂದು ಗೆರೆಯ ತುದಿಯಲ್ಲೂ ಕೋಲು ಹಿಡಿದು ನಿಂತಿದ್ದ ಐವತ್ತೆರಡು ವರ್ಷದ ಸಕ್ಕುಬಾಯಿಯ ಹೆಸರು ಎಲ್ಲಿಯೂ ಇಲ್ಲ.

ಯಾದಗಿರಿ ಜಿಲ್ಲೆಯ ಸುರಪುರದ ಕಡೆಯವರು ಅವರು. ಇಪ್ಪತ್ತೆರಡು ವರ್ಷಗಳ ಹಿಂದೆ ಗಂಡ, ಮೈದುನ, ಮೈದುನನ ಹೆಂಡತಿ ಅಂಬವ್ವ ಎಲ್ಲರೂ ಒಟ್ಟಿಗೆ ಪುಣೆಗೆ ಬಂದು ಕಟ್ಟಡದ ಕೆಲಸಕ್ಕೆ ನಿಂತರು. ಒಂದು ದಿನ ಅಳತೆಯವರ ಸಹಾಯಕ ಬರಲಿಲ್ಲ. ಎಂಜಿನಿಯರ್ ಕೂಲಿಯವರನ್ನೇ ಒಬ್ಬೊಬ್ಬರಾಗಿ ಕರೆದು ಕೋಲು ಹಿಡಿಸಿದರು. ಎಲ್ಲರ ಕೈಯಲ್ಲೂ ಗುಳ್ಳೆ ಕುಣಿಯಿತು, ಸಕ್ಕುಬಾಯಿಯ ಕೈಯಲ್ಲಿ ಮಾತ್ರ ನಿಂತಿತು. "ಹತ್ತು ಇಟ್ಟಂಗಿ ತಲಿ ಮ್ಯಾಲ ಇಟಗೊಂಡು ಬಿದಿರಿನ ಏಣಿ ಹತ್ತಾಕಿ ನಾನು. ಒಂದು ಕೋಲು ಅಳ್ಳಾಡತದೇನ್ರಿ?"

ಅಂದಿನಿಂದ ಹದಿನೈದು ವರ್ಷ ಇದೇ ಕೆಲಸ, ಗುತ್ತಿಗೆಯ ಮೇಲೆ. ದಿನಕ್ಕೆ ನೂರಾ ಎಪ್ಪತ್ತು ಬಿಂದುಗಳು, ಹತ್ತು ಹನ್ನೊಂದು ಕಿಲೋಮೀಟರ್ ನಡಿಗೆ. ಇಂದಾಪುರದ ಹೆದ್ದಾರಿಯಲ್ಲಿ ಲಾರಿಗಳ ಗಾಳಿಗೆ ಎದೆಗೊಟ್ಟು ಕೋಲು ಹಿಡಿದಿದ್ದಾರೆ. ಬಾರಾಮತಿಯಲ್ಲಿ ಕೋಲಿಗಿಂತ ಕಬ್ಬು ಎತ್ತರ ಬೆಳೆದಿದ್ದಾಗ ಸ್ಟೂಲಿನ ಮೇಲೆ ನಿಂತು ಹಿಡಿದಿದ್ದಾರೆ. ಓದಲು ಬರುವುದಿಲ್ಲ. ಆದರೆ ನಕ್ಷೆಯ ಮೇಲೆ ಬೆರಳಿಟ್ಟರೆ ಸಾಕು, ಅಲ್ಲಿ ಯಾವ ಗಿಡವಿದೆ, ಯಾವ ಮನೆಯ ನಾಯಿ ಕಚ್ಚುತ್ತದೆ ಎಂದು ಹೇಳುತ್ತಾರೆ. ಭೂಗೋಳದಲ್ಲಿ ಪದವಿ ಪಡೆದು ಪತ್ರಿಕೆಗೆ ಬರೆಯುವ ನಾನು ಹುಟ್ಟಿದ್ದೇ ಪುಣೆಯಲ್ಲಿ. ನಮ್ಮ ಓಣಿಯ ಆಚೆ ಏನಿದೆ ಎಂದು ನನಗೆ ಮೊಬೈಲೇ ಹೇಳಬೇಕು. ಅವರ ಬೆರಳು ನಕ್ಷೆಯ ಮೇಲೆ ಓಡುವುದನ್ನು ನೋಡುವಾಗ ನನಗೆ ಖುಷಿಗಿಂತ ಮೊದಲು ಹೊಟ್ಟೆಯೇ ಉರಿಯುತ್ತದೆ.

ಹೊಟ್ಟೆಯುರಿಯ ಮಾತನ್ನು ಇಲ್ಲಿ ಬರೆಯಲು ಧೈರ್ಯ ಬಂದದ್ದು ಸಕ್ಕುಬಾಯಿಯಿಂದಲೇ. ಅದರ ಬಗ್ಗೆ ಅವರಿಗೆ ಸಂಕೋಚವಿಲ್ಲ.

"ಅಂಬವ್ವ ಅಂದ್ರ ನನ್ನ ನೆಗೆಣ್ಣಿ ಹೌದು. ಆದ್ರ ಆಕೀನ ಕಂಡ್ರ ನನ್ನ ಹೊಟ್ಟ್ಯಾಗ ಕೆಂಡ. ಇಪ್ಪತ್ತು ವರ್ಷಾತು, ಆಕಿ ಒಂದೇ ಜಾಗಾದಾಗ ಕುಂತಾಳ. ನಾ ಐದು ಖೋಲಿ ಬದಲಿ ಮಾಡೀನಿ. ಆಕಿ ಬಾಗಲ ಮುಂದ ನಳ ಅದ. ನಾ ಮೂರನೇ ಮಾಳಿಗಿಗೆ ಕೊಡ ಹೊರತೀನಿ. ಒಂದು ಬೇವಿನ ಗಿಡಾನೂ ಆಕಿಗೇ ಅದ ನೋಡ್ರಿ!"

ಅಂಬವ್ವನ ಮನೆ ಇರುವುದು ಈ ನಲವತ್ಮೂರರಲ್ಲೇ. ಸುತ್ತಲಿನವರು ಇದನ್ನು ಕಾನಡಿ ವಸ್ತಿ, ಅಂದರೆ ಕನ್ನಡದವರ ಕೇರಿ, ಎನ್ನುತ್ತಾರೆ. ಸೊಂಟದೆತ್ತರದ ಇಟ್ಟಿಗೆ ಗೋಡೆ, ಅದರ ಮೇಲೆ ತಗಡು, ತಾಡಪತ್ರಿ. ವಸ್ತಿಯಲ್ಲೊಂದು ಪದ್ಧತಿಯಿದೆ. ಯುಗಾದಿಗೆ ಎಲ್ಲರೂ ಒಟ್ಟಿಗೆ ಊರಿಗೆ ಹೊರಡುವಾಗ ಮನೆಗೆ ಬೀಗ ಹಾಕುವುದಿಲ್ಲ, ಮನೆಯನ್ನೇ ಬಿಚ್ಚುತ್ತಾರೆ. ಖಾಲಿ ಮನೆಯ ತಗಡು, ತಾಡಪತ್ರಿ, ಬಾಗಿಲ ಹಲಗೆ ಕಳುವಾಗುತ್ತವೆ ಎಂದು ಎಲ್ಲವನ್ನೂ ಕಳಚಿ, ತಾಡಪತ್ರಿಯನ್ನು ಸುತ್ತಿ ಬಸ್ಸಿಗೇರಿಸಿ, ಉಳಿದದ್ದನ್ನು ಪರಿಚಯದ ಗೋದಾಮಿನಲ್ಲಿಟ್ಟು ಹೋಗುತ್ತಾರೆ. ಆ ಹದಿನೈದು ದಿನ ಇಲ್ಲಿ ಕಾಣುವುದು ಮೊಂಡು ಗೋಡೆಗಳು, ಒಂದು ಬೇವಿನ ಮರ, ಒಂದು ನಳ.

ಎರಡು ವರ್ಷಗಳ ಹಿಂದೆ ಸರ್ವೆ ತಂಡ ಇಲ್ಲಿಗೆ ಬಂದದ್ದು ಅದೇ ಹದಿನೈದು ದಿನಗಳಲ್ಲಿ. ಆ ವರ್ಷ ಸಕ್ಕುಬಾಯಿಗೆ ರಜೆ ಸಿಕ್ಕಿರಲಿಲ್ಲ. ಅಂಬವ್ವ ಬಸ್ಸು ಹತ್ತುವಾಗ ಹೊಸ ಸೀರೆಯುಟ್ಟು, "ಊರಿಗೆ ಬರಂಗಿಲ್ಲೇನ ಯಕ್ಕಾ? ಪಾಪ, ನಿನ್ನ ಬಿಟ್ರ ಸರ್ಕಾರ ಹ್ಯಾಂಗ ನಡೀಬೇಕು" ಎಂದಿದ್ದಳಂತೆ. ಮರುದಿನ ಬಿಸಿಲಿನಲ್ಲಿ ಕೋಲು ಹಿಡಿದು ನಿಂತಾಗಲೂ ಆ ಮಾತು ಕಿವಿಯಲ್ಲೇ ಇತ್ತು. ಸ್ವಪ್ನಿಲ್ ಮೊಂಡು ಗೋಡೆಗಳನ್ನು ನೋಡಿ, ಇಲ್ಲಿ ಯಾರಾದರೂ ಇರುತ್ತಾರಾ ಮಾವಶಿ ಎಂದು ಮರಾಠಿಯಲ್ಲಿ ಕೇಳಿದರು. ಸಕ್ಕುಬಾಯಿ "ಕೋಣೀ ನಾಹಿ" ಎಂದರು. ಯಾರೂ ಇಲ್ಲ.

"ಸುಳ್ಳಲ್ಲರಿ ಅದು. ಆವತ್ತ ಯಾರೂ ಇರಲಿಲ್ಲ" ಎಂದು ನನ್ನ ಮುಖ ನೋಡುತ್ತಾರೆ. ಕೂಡಲೇ ತಾವೇ ಮುಂದುವರಿಸುತ್ತಾರೆ: "ಖರೇನೂ ಅಲ್ಲ. ನನಗ ಗೊತ್ತಿತ್ತಲ್ಲ."

ಸ್ವಪ್ನಿಲ್ ನಳವನ್ನು ಮಾತ್ರ ಅಳೆದುಕೊಂಡರು. ಜಾಗ 'ಖಾಲಿ' ಎಂದು ದಾಖಲಾಯಿತು. ಕರಡು ಯೋಜನೆಯಲ್ಲಿ ಖಾಲಿ ಜಾಗ ಹಸಿರು ಬಣ್ಣ ಪಡೆಯಿತು. ಉದ್ಯಾನ.

ಕರಡು ಪ್ರಕಟವಾದಾಗ ಸಾರ್ವಜನಿಕರು ನೋಡಲೆಂದು ದಿನವೂ ಬೆಳಿಗ್ಗೆ ಹದಿನಾಲ್ಕು ಹಾಳೆಗಳನ್ನು ಸಭಾಂಗಣದಲ್ಲಿ ತೂಗುಹಾಕುವ ಕೆಲಸವೂ ಸಕ್ಕುಬಾಯಿಯ ಪಾಲಿಗೇ ಬಂತು. ಅಕ್ಷರ ಬಾರದಿದ್ದರೂ ಬಣ್ಣ ಬರುತ್ತದೆ: ಹಳದಿ ಎಂದರೆ ಮನೆ, ಹಸಿರು ಎಂದರೆ ಉದ್ಯಾನ. ಒಂಬತ್ತನೇ ಹಾಳೆಯಲ್ಲಿ ಅಂಬವ್ವನ ಮನೆ ಹಸಿರಾಗಿತ್ತು.

"ಖುಷಿ ಆತ್ರಿ. ಸುಳ್ಯಾಕ ಹೇಳ್ಲಿ ತಂಗಿ, ಎರಡು ದಿನ ಭಾಳ ಖುಷಿ ಆತು. ಹೋಗ್ಲಿ, ಆಕೀನೂ ಖೋಲಿ ಹುಡುಕ್ಲಿ, ಕೊಡ ಹೊರಲಿ ಅಂದೆ. ಮೂರನೇ ದಿನ ಆಕಿ ಗಂಡನ ಕೈಯಾಗ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸಿದ್ಲು. ನಾ ನಕ್ಷೆ ಹಾಕಾಕ ಲಗೂನ ಹೋಗತೀನಿ, ಅಡಿಗಿ ಆಗಂಗಿಲ್ಲ ಅಂತ. ರೊಟ್ಟಿ ಮುಟ್ಟಲಿಲ್ಲ, ಹಂಗೇ ಕಟ್ಟಿ ಇಟ್ಟೆ."

ಅಂದೇ ಸಂಜೆ ಸಕ್ಕುಬಾಯಿ ವಸ್ತಿಗೆ ಬಂದು ಎಲ್ಲವನ್ನೂ ಹೇಳಿದರು, ತಾವು ಆಡಿದ ಎರಡು ಮರಾಠಿ ಶಬ್ದಗಳ ಸಮೇತ. ಅಂಬವ್ವ ಅಳಲಿಲ್ಲ. "ನನ್ನ ಒಲಿ ಮ್ಯಾಲ ಗಿಡ ಹಚ್ಚಿದ್ಯಾ ಯಕ್ಕಾ? ಯಾವ ಗಿಡ, ಗುಲಾಬೀನೋ ಮಲ್ಲಿಗೀನೋ?" ಎಂದು ಕೇಳಿದಳು. ಆಮೇಲೆ ಎಂಟು ದಿನ ಮಾತು ಬಿಟ್ಟಳು. ಆದರೆ ಕೊನೆಯ ದಿನಾಂಕಕ್ಕೆ ಮುಂಚೆ ನಲವತ್ಮೂರು ಮನೆಗಳ ಸಹಿ, ಹೆಬ್ಬೆಟ್ಟು ಕೂಡಿಸಿ ಅರ್ಜಿ ಕೊಟ್ಟವಳೂ ಅವಳೇ. ಆಕ್ಷೇಪಣೆ ಸಂಖ್ಯೆ ಐನೂರಾ ಎಂಬತ್ತೇಳು.

ಹೋದ ತಿಂಗಳ ವಿಚಾರಣೆಯ ದಿನ ನಾನೂ ಆ ಸಭಾಂಗಣದಲ್ಲಿದ್ದೆ. ಪತ್ರಿಕೆಗಾಗಿ ಅಲ್ಲ. ಭೋಕರವಾಡಿಯಲ್ಲೇ ಇರುವ ನಮ್ಮ ಓಣಿಯ ಗ್ರಂಥಾಲಯದ ಜಾಗದಲ್ಲಿ ವಾಹನ ನಿಲುಗಡೆ ತೋರಿಸಿದ್ದರ ಬಗ್ಗೆ ನನ್ನದೂ ಒಂದು ಅರ್ಜಿಯಿತ್ತು. ಎರಡು ಪುಟ, ಮುದ್ದಾದ ಅಕ್ಷರ. ನನ್ನ ಸಂಖ್ಯೆ ಕರೆದಾಗ ಎದ್ದು ನಿಂತೆ. "ಬರೆದದ್ದರಲ್ಲಿ ಎಲ್ಲಾ ಇದೆ" ಎಂದಷ್ಟೇ ಹೇಳಿ ಕೂತೆ. ಇಪ್ಪತ್ತು ನಿಮಿಷದ ನಂತರ ಐನೂರಾ ಎಂಬತ್ತೇಳು ಬಂತು.

ಅಂಬವ್ವ ಮುಂದೆ ಹೋಗಿ ನಿಲ್ಲುತ್ತಾಳೆ. ಮಂಡಳಿಯ ಅಧ್ಯಕ್ಷೆ ಮಾಧುರಿ ಅವರು ಹಾಳೆ ತಿರುವಿ, ಸರ್ವೆಯಲ್ಲಿ ಇದು ಖಾಲಿ ಜಾಗವೆಂದಿದೆ, ನೀವು ಆಮೇಲೆ ಬಂದು ಮನೆ ಹಾಕಿದಿರೇ ಎಂದು ಮರಾಠಿಯಲ್ಲಿ ಕೇಳುತ್ತಾರೆ. ಇಪ್ಪತ್ತು ವರ್ಷವಾಯಿತು ಎಂದು ಅಂಬವ್ವ ಹೇಳುತ್ತಾಳೆ. ದಾಖಲೆ ಎಲ್ಲಿ ಎಂದು ಇನ್ನೊಬ್ಬ ಸದಸ್ಯರು. ಒಂಬತ್ತನೇ ಹಾಳೆ ಗಾಳಿಗೆ ಹಾರದಂತೆ ಅದರ ತುದಿ ಹಿಡಿದು ಗೋಡೆಗೆ ಒರಗಿದ್ದ ಸಕ್ಕುಬಾಯಿ ಆಗ ಬಾಯಿ ತೆರೆಯುತ್ತಾರೆ. ಮರಾಠಿಯಲ್ಲಿ ಶುರುವಾದ ಮಾತು ಅರ್ಧಕ್ಕೇ ಕನ್ನಡವಾಗುತ್ತದೆ.

"ಮೇಡಂ, ಇಲ್ಲೊಂದು ಚುಕ್ಕಿ ಅದ ನೋಡ್ರಿ, ನೂರಾ ಹದಿನಾಲ್ಕು. ನಳ ಅದು. ಕೋಲು ನಾನೇ ಹಿಡದೀನಿ. ಖಾಲಿ ಜಾಗಾಕ್ಕ ನಳ ಯಾಕ ಬೇಕ್ರಿ?"

ಸಭಾಂಗಣದಲ್ಲಿ ಯಾರೋ ನಗುತ್ತಾರೆ. ಸಕ್ಕುಬಾಯಿಯ ಜೊತೆಯ ಕೆಲಸದಲ್ಲಿ ಕನ್ನಡ ಕಲಿತ ಸ್ವಪ್ನಿಲ್ ಕಿವಿಯವರೆಗೂ ಕೆಂಪಾಗಿ, ಆ ಮಾತನ್ನು ಮರಾಠಿಗೆ ತಿರುಗಿಸಿ ಹೇಳುತ್ತಾರೆ. ಸಕ್ಕುಬಾಯಿ ನಿಲ್ಲಿಸುವುದಿಲ್ಲ. ಯುಗಾದಿಯ ಮಾತು, ಬಿಚ್ಚಿದ ತಾಡಪತ್ರಿಯ ಮಾತು, ಕೊನೆಗೆ ತಮ್ಮದೇ ಮಾತು: "ಯಾರೂ ಇಲ್ಲ ಅಂತ ಅಂದಾಕೀನೂ ನಾನೇ. ತಪ್ಪು ಯಂತ್ರದ್ದಲ್ಲ, ಸಾಹೇಬರದೂ ಅಲ್ಲ." ಎಪ್ಪತ್ತು ಎಂಬತ್ತು ಜನರ ಎದುರು, ತಮ್ಮ ಗುತ್ತಿಗೆದಾರನೂ ಕೂತಿರುವಾಗ, ಎರಡು ಭಾಷೆಗಳಲ್ಲಿ. ಎರಡು ಪುಟಗಳಲ್ಲಿ ನನ್ನಿಂದಾಗದ ಕೆಲಸ. ಆ ದಿನ ಮನೆಗೆ ಬಂದು ದಿನಚರಿ ತೆರೆದರೆ ಅವರ ಹೆಸರನ್ನು ಬರೆಯಲೂ ಮನಸ್ಸಾಗಲಿಲ್ಲ, ಅಷ್ಟು ಅಸೂಯೆ. ಮರುದಿನ ವಿಳಾಸ ಹುಡುಕಿಕೊಂಡು ಹೊರಟೆ.

ಮಂಡಳಿ ಸ್ಥಳವನ್ನು ಮತ್ತೆ ಅಳೆಯಲು ಆದೇಶಿಸಿದೆ. ಅದಕ್ಕೇ ಈ ಬೆಳಗಿನ ಜಾವದ ಓಡಾಟ. ವಸ್ತಿ ಹಳದಿಯಾಗಿ ಉದ್ಯಾನ ಬೇರೆಡೆ ಸರಿಯುವುದೋ, ಇಲ್ಲ ನಲವತ್ಮೂರು ಮನೆಗಳು ಜಾಗ ಬಿಡಬೇಕಾಗುವುದೋ ಎಂಬುದು ಈ ಅಳತೆ ನೋಡಿದ ಮೇಲೆ ತೀರ್ಮಾನವಾಗಬೇಕು. ಸಕ್ಕುಬಾಯಿಯ ಗುತ್ತಿಗೆ ಈ ತಿಂಗಳಿಗೆ ಮುಗಿಯುತ್ತದೆ. "ನಿನ್ನ ಕೆಲಸ ಕೋಲು ಹಿಡಿಯೂದು, ನಾಲಿಗಿ ಬಿಡೂದಲ್ಲ ಅಂತ ಗುತ್ತಿಗೆದಾರ್ರು ಅಂದಾರ. ಮುಂದ ಕರೀತಾರೋ ಇಲ್ಲೋ. ಕಡೀ ನಕ್ಷೆ ಬರತದಲ್ರಿ, ಅದನ್ನ ಗೋಡಿಗೆ ಹಾಕೂ ದಿನ ಒಂದು ನನ್ನ ಕರದ್ರ ಸಾಕು. ಒಂಬತ್ತನೇ ಹಾಳಿ ನಾನೇ ಹಾಕಬೇಕು."

ಅಂಬವ್ವನಿಗೂ ಒಂದು ದೂರಿದೆ. ಚಹಾ ಕೊಡುತ್ತ ನನ್ನ ಕಿವಿಯ ಹತ್ತಿರ ಬಂದು ಹೇಳುತ್ತಾಳೆ: "ಯಕ್ಕಗೇನ್ರಿ, ಸಾಹೇಬರು ಮಾವಶಿ ಮಾವಶಿ ಅಂತಾರ, ಪೇಪರಿನವರು ಬರತಾರ. ಇಪ್ಪತ್ತು ವರ್ಷ ಇಟ್ಟಂಗಿ ಹೊತ್ತೀನಿ, ನನಗ್ಯಾರ ಏನ್ ಕೇಳ್ಯಾರ?"

ಏಳೂವರೆಗೆ ನಲವತ್ತೆರಡು ಮುಗಿಯುತ್ತವೆ. ನಲವತ್ಮೂರನೆಯದು ಅಂಬವ್ವನದು. ಸಕ್ಕುಬಾಯಿ ಅದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದಾರೆ. ಅಂಬವ್ವ ಬುತ್ತಿ ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದಾಳೆ.

"ಕೋಲು ಸೊಟ್ಟ ಹಿಡದು ನನ್ನ ಮನಿ ಗಟಾರದಾಗ ಹಾಕಬ್ಯಾಡ ಯಕ್ಕಾ."

"ಸೊಟ್ಟ ಇರೂದು ನಿನ್ನ ಬಾಯಿ. ಅತ್ತಾಗ ಸರಿ, ನೆಳ್ಳು ಬೀಳಾಕತ್ತದ."

ಅಂಬವ್ವ ಸರಿಯುತ್ತಾಳೆ. ಕೋಲಿನ ಮೊನೆ ಹೊಸ್ತಿಲ ಮೂಲೆಯಲ್ಲಿ ಊರುತ್ತದೆ. ಗುಳ್ಳೆ ಒಮ್ಮೆ ಓಲಾಡಿ ಉಂಗುರದೊಳಗೆ ಬಂದು ನಿಲ್ಲುತ್ತದೆ. "ಝಾಲಂ" ಎನ್ನುತ್ತಾರೆ ಸ್ವಪ್ನಿಲ್. ಸಕ್ಕುಬಾಯಿ ಕೋಲು ಎತ್ತುವುದಿಲ್ಲ. "ಇನ್ನೊಮ್ಮಿ ನೋಡ್ರಿ ಸಾಹೇಬ್ರ" ಎಂದು, ಎರಡನೆಯ ಸಲ ಉಸಿರು ಹಿಡಿಯುತ್ತಾರೆ. ಉಳಿದ ನಲವತ್ತೆರಡಕ್ಕೆ ಹೀಗೆ ಮಾಡಿರಲಿಲ್ಲ.

ಕೋಲಿನ ಮಣ್ಣು ಒರೆಸುತ್ತಿರುವಾಗ, ಈಗಲಾದರೂ ಹೊಟ್ಟೆಯೊಳಗಿನ ಕೆಂಡ ಆರಿತೇ ಎಂದು ಮೆಲ್ಲಗೆ ಕೇಳುತ್ತೇನೆ. ಅವರು ನಳದ ಕಡೆ ನೋಡುತ್ತಾರೆ. ಅಂಬವ್ವ ಕೆಲಸಕ್ಕೆ ಹೊರಡುವ ಮುಂಚೆ ಅದರ ಕೆಳಗೆ ಕೊಡ ಇಟ್ಟಿದ್ದಾಳೆ.

"ಎಲ್ಲಿ ಆರತದ ತಂಗಿ? ನಳ ಇನ್ನಾ ಆಕಿ ಬಾಗಲಾಗೇ ಅದ. ಆ ಕೆಂಡ ನನ್ನ ಹೊಟ್ಟ್ಯಾಗ ಇರ್ಲಿ ಬಿಡ್ರಿ. ಕೋಲಿನ್ಯಾಗ ಬರಬಾರದು, ಅಷ್ಟೇ."