ಗದ್ವಾಲದ ಭಟ್ಟಿಯ ಹವಾ ಖಾನೆ

ಬೆಳಿಗ್ಗೆ ಏಳೂವರೆಗೆ ರಾಯಚೂರು ಬಿಟ್ಟ ಬಸ್ಸು ಕೃಷ್ಣಾ ಸೇತುವೆ ದಾಟುವಷ್ಟರಲ್ಲಿ ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತ್ತು. ಜೂನ್ ಬಂದಿದ್ದರೂ ಮಳೆಯ ಸುಳಿವಿರಲಿಲ್ಲ. ತೆಲಂಗಾಣದ ಬಸ್ಸು. ಆ ರಾಜ್ಯದ ಹೆಂಗಸರಿಗೆ ಅದರಲ್ಲಿ ಟಿಕೆಟ್ ಇಲ್ಲ. ನಾನೂ ಗಡಿ ದಾಟಿದವಳಲ್ಲವೇ ಎಂದು ಗಂಭೀರವಾಗಿ ಆಧಾರ್ ಕಾರ್ಡ್ ಮುಂದೆ ಹಿಡಿದೆ. ಕಂಡಕ್ಟರ್ ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, "ರಾಯಚೂರ ವಿಳಾಸ ಐತ್ರಿ ಇದ್ರಾಗ, ರೊಕ್ಕ ಕೊಡ್ರಿ" ಎಂದು ಮಕ್ತಲ್‌ಗೆ ಚೀಟಿ ಹರಿದ. ಊರೂರು ತಿರುಗಿ ಕಂಡವರ ಕಾಗದ ಪತ್ರ ಕೇಳುವುದೇ ನನ್ನ ಕಸುಬು. ಹಾಗಾಗಿ ಬೇಸರವಾಗಲಿಲ್ಲ.

ನನ್ನ ಕಸುಬು ಚಿಮಣಿ ಅಳೆಯುವುದು. ರಾಯಚೂರಿನ ಒಂದು ಸಣ್ಣ ಪ್ರಯೋಗಶಾಲೆಯಲ್ಲಿ ಮೂರು ವರ್ಷದಿಂದ ಇದ್ದೇನೆ; ಹುಟ್ಟೂರು ಮಂಡ್ಯದ ಕಡೆ. ಕಾರ್ಖಾನೆಗಳ ಚಿಮಣಿ ಹತ್ತಿ, ರಂಧ್ರದಲ್ಲಿ ಕೊಳವೆ ತೂರಿಸಿ, ಹೊಗೆಯಲ್ಲಿ ದೂಳೆಷ್ಟಿದೆ ಎಂದು ತೂಗಿ ವರದಿ ಬರೆಯುತ್ತೇನೆ. ಜೊತೆಗೆ ಅವರ ದಾಖಲೆ ಪುಸ್ತಕವನ್ನೂ ಓದುತ್ತೇನೆ. ಗದ್ವಾಲದ ಹೊರವಲಯದಲ್ಲಿ ಹಳೆಯ ಪಾತ್ರೆ, ಗುಜರಿ ಅಲ್ಯೂಮಿನಿಯಂ ಕರಗಿಸಿ ಗಟ್ಟಿ ಮಾಡುವ ಒಂದು ಭಟ್ಟಿಯಿದೆ. ಅಲ್ಲಿನ ಪುಸ್ತಕ ಕನ್ನಡದಲ್ಲಿತ್ತು, ಏಕೆಂದರೆ ಅದನ್ನು ಬರೆಯುವ ಬಾಲಪ್ಪ ಮೇಸ್ತ್ರಿ ನಾರಾಯಣಪೇಟೆಯ ಕನ್ನಡ ಶಾಲೆಯಲ್ಲಿ ಓದಿದವರು. ತೆಲುಗಿನ ಮಾಲೀಕರಿಗೆ ಅದು ಓದಲು ಬಾರದು. ಹಾಗಾಗಿ ಇಂಗ್ಲಿಷಿಗೆ ತಂದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸುವ ಕೆಲಸ ನನಗೇ ಬಿತ್ತು.

ಆ ಪುಸ್ತಕದ ಒಂದು ಖಾನೆಗೆ 'ಹವಾ' ಎಂದು ಹೆಸರು. ದಿನವೂ 'ಹವಾ ಚಾಲೂ' ಎಂದಿತ್ತು. ಹತ್ತೊಂಬತ್ತು ದಿನ ಮಾತ್ರ 'ಹವಾ ಬಂದ್'. ಭಟ್ಟಿ ಉರಿಯುವಷ್ಟು ಹೊತ್ತೂ ಹೊಗೆಯನ್ನು ಸೋಸುವ ಚೀಲಗಳತ್ತ ಎಳೆಯುವ ಪಂಖಾ ತಿರುಗುತ್ತಿರಬೇಕು, ಅದು ನಿಯಮ; ಅದರ ಲೆಕ್ಕ ಇಡಲೆಂದೇ ಆ ಖಾನೆ ಇದ್ದದ್ದು. ಆ ಹತ್ತೊಂಬತ್ತು ದಿನ ಪಂಖಾ ನಿಲ್ಲಿಸಿ ಭಟ್ಟಿ ಉರಿಸಿದ್ದಾರೆ ಎಂದು ನಾನು ಒಂದು ಗಳಿಗೆಯೂ ಯೋಚಿಸದೆ ಬರೆದೆ. ಅದೇ ದಿನಗಳಲ್ಲಿ ಭಟ್ಟಿ ಉರಿದ ತಾಸಿನ ಖಾನೆ ಖಾಲಿಯಿತ್ತು. ಅದನ್ನು 'ತಾಸು ನಮೂದಿಸಿಲ್ಲ' ಎಂದು ಎರಡನೆಯ ತಪ್ಪಾಗಿ ಸೇರಿಸಿದೆ. ಮಂಡಳಿಯಿಂದ ನೋಟಿಸು ಬಂತು: ಭಟ್ಟಿ ಆರಿಸಿ, ಹದಿನೈದು ದಿನದಲ್ಲಿ ಉತ್ತರ ಕೊಡಿ, ಇಲ್ಲವಾದರೆ ಪರವಾನಗಿ ರದ್ದು. ಹದಿನಾಲ್ಕು ಮಂದಿ ಮನೆಗೆ ಹೋದರು. ಈಗ ಮೇಸ್ತ್ರಿಯ ಹೇಳಿಕೆ ಬರೆದು, ಭಟ್ಟಿ ಇನ್ನೊಮ್ಮೆ ನೋಡಿ ಬರಲು ನನ್ನನ್ನೇ ಕಳಿಸಿದ್ದರು. ಉಳಿದದ್ದು ನಾಲ್ಕು ದಿನ.

ಮಕ್ತಲ್‌ನಲ್ಲಿ ಬಸ್ಸು ಬದಲಿಸಿ ಹನ್ನೊಂದರ ಹೊತ್ತಿಗೆ ನಾರಾಯಣಪೇಟೆ ಸೇರಿದೆ. ಮೇಸ್ತ್ರಿಯ ಮನೆಯಿದ್ದ ಓಣಿಯ ತುಂಬ ಮಗ್ಗದ ಸದ್ದು. ಅರವತ್ತರ ಆಸುಪಾಸಿನ ತೆಳ್ಳನೆಯ ಆಳು, ಮುಂಗೈ ತುಂಬ ಹಳೆಯ ಸುಟ್ಟ ಕಲೆ. ಮಜ್ಜಿಗೆ ಕೊಟ್ಟು, ಎದುರಿಗೆ ಕುಳಿತರು. ನಾನು ಕಲಿತ ರಾಯಚೂರು ಮಾತಿನ ಮೇಲೆ ನನಗೆ ಭಾರೀ ಅಭಿಮಾನ, ಅದರಲ್ಲೇ ಶುರುಮಾಡಿದೆ.

"ಹತ್ತೊಂಬತ್ತು ದಿನ ಹವಾ ಬಂದ್ ಆಗಿತ್ತಲ್ರಿ, ಮೇಸ್ತ್ರಿ?"

"ಆಗಿತ್ರಿ. ಬಂದ್ ಆದದ್ದಕ್ಕ ಬಂದ್ ಅಂತ ಬರದೀನಿ."

"ಬಂದ್ ಆದದ್ದು ಚಾಲೂ ಮಾಡಬೇಕಿತ್ತಲ್ರಿ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅದನ್ನ ಚಾಲೂ ಮಾಡಾಕ ನಾ ಯಾರ್ರಿ? ದೇವ್ರ ಮಾಡಬೇಕು."

ಇಂಥ ಉಡಾಫೆಯ ಉತ್ತರ ನಾನು ಎಷ್ಟೋ ಕೇಳಿದ್ದೇನೆ. ಪುಸ್ತಕ ಮುಚ್ಚಿದೆ. ನಾಳೆ ಭಟ್ಟಿಯ ಹತ್ತಿರ ನಿಮ್ಮ ದಸ್ಕತ್ ಬೇಕು, ಜೊತೆಗೆ ಬನ್ನಿ ಎಂದಷ್ಟೇ ಹೇಳಿ ಲಾಡ್ಜಿಗೆ ಹೋದೆ. ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ ಚೆನ್ನಾಗಿತ್ತು. ಮನಸ್ಸಿಗೇನೂ ಕಸಿವಿಸಿಯಿರಲಿಲ್ಲ; ನಾನು ಸರಿ ಎಂಬುದರಲ್ಲಿ ನನಗೆ ಅಷ್ಟು ನಂಬಿಕೆ.

ಮರುದಿನ ಬೆಳಿಗ್ಗೆ ಇಬ್ಬರೂ ಮಕ್ತಲ್‌ಗೆ ಬಂದೆವು. ಗದ್ವಾಲದ ಬಸ್ಸಿಗೆ ಮುಕ್ಕಾಲು ತಾಸು ಇತ್ತು. ನಿಲ್ದಾಣದಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತ ಕುಳಿತೆವು. ಪಕ್ಕದಲ್ಲಿ ಸೌತೆಕಾಯಿ ಮಾರುತ್ತಿದ್ದ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡು, "ಏನ್ ಸೆಕಿ ಐತಿ ಯವ್ವಾ, ಮುಂಜಾನಿಂದ ಹವಾನೇ ಬಂದ್ ಆಗೇದ" ಎಂದಳು.

ನಾನು ಮೇಲೆ ನೋಡಿದೆ. ಅವಳ ನೆತ್ತಿಯ ಮೇಲೆ ನಿಲ್ದಾಣದ ಪಂಖಾ ಗಡಗಡ ತಿರುಗುತ್ತಿತ್ತು. ಹೊರಗೆ ಬೇವಿನ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಕೈಯಲ್ಲಿದ್ದ ಮಿರ್ಚಿ ಕೈಯಲ್ಲೇ ಉಳಿಯಿತು.

"ಮೇಸ್ತ್ರಿ, ನೀವು ಬರದ ಹವಾ ಯಾವುದ್ರಿ? ಪಂಖಾದ್ದೋ, ಬಯಲಿಂದೋ?"

"ಪಂಖಾಕ್ಕ ಪಂಖಾ ಅಂತಾರ್ರಿ. ಹವಾ ಅಂದ್ರ ಬಯಲಿಂದೇ."

"ಮತ್ತೆ ಆ ದಿನ ಭಟ್ಟಿ?"

"ಹಚ್ಚಿಲ್ರಿ. ಹವಾ ನಿಂತ ದಿನ ಹೊಗಿ ಮ್ಯಾಲ ಹೋಗಂಗಿಲ್ಲ, ಎದುರಿನ ನೇಕಾರ ಓಣ್ಯಾಗ ಕೂಡ್ತದ. ಅವ್ರು ನೇಯಾಕ ಬೀದ್ಯಾಗ ಬಿಳಿ ನೂಲಿನ ಹಾಸು ಉದ್ದಕ್ಕ ಎಳದು ಕಟ್ಟಿರ್ತಾರ. ಅದಕ್ಕ ಹಚ್ಚಂಗಿಲ್ಲ. ಹಚ್ಚದ ಭಟ್ಟಿಗಿ ಏನ್ ತಾಸು ಬರೀಲಿ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಯಾವ ನಿಯಮವೂ ಕೇಳದ ಒಳ್ಳೆಯ ಕೆಲಸವನ್ನು ಈ ಮನುಷ್ಯ ಹತ್ತೊಂಬತ್ತು ದಿನ ಮಾಡಿದ್ದರು. ನಾನು ಅದನ್ನೇ ಹತ್ತೊಂಬತ್ತು ಅಪರಾಧವೆಂದು ಬರೆದಿದ್ದೆ. ಖಾನೆಯ ಮೇಲೆ 'ಹವಾ' ಎಂದಿದ್ದನ್ನು ಅವರು ಗಾಳಿಯ ಲೆಕ್ಕವೆಂದು ತಿಳಿದು, ಬೆಳಿಗ್ಗೆ ಎದ್ದು ಆಕಾಶ ನೋಡಿ ತುಂಬಿದ್ದರು.

ಜೂರಾಲಾ ಅಣೆಕಟ್ಟಿನ ಮೇಲೆ ಬಸ್ಸು ನಿಧಾನವಾಗಿ ಸಾಗಿತು. ನೀರು ತಳ ಕಂಡಿತ್ತು. ಬಂಡೆಗಳ ನಡುವೆ ಮೀನುಗಾರರ ಬುಟ್ಟಿದೋಣಿಗಳು. ಚೆಂದ ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆದರೂ ಅರ್ಧ ದಾರಿಗೆ ಧೈರ್ಯ ಮರಳಿತು. ತಪ್ಪು ಗೊತ್ತಾಯಿತಲ್ಲ, ತಿದ್ದಿದರಾಯಿತು.

ಗದ್ವಾಲದಲ್ಲಿ ಮೊದಲು ಭಟ್ಟಿಯ ಎದುರಿನ ಓಣಿಗೆ ಹೋದೆ. ಈರಮ್ಮ ಎಂಬ ನೇಕಾರ ಹೆಂಗಸು "ರಾಂಡಿ, ಕೂಚೋಂಡಿ" ಎಂದು ತೆಲುಗಿನಲ್ಲಿ ಬರಮಾಡಿಕೊಂಡು ಚಾಪೆ ಹಾಸಿ, ನನ್ನ ಪ್ರಶ್ನೆಗೆ ಕನ್ನಡದಲ್ಲೇ ಉತ್ತರಿಸಿದರು. "ಹವಾ ಇಲ್ಲದ ದಿನ ಬಾಲಪ್ಪಣ್ಣ ಭಟ್ಟಿ ಹಚ್ಚಂಗಿಲ್ರಿ. ಒಮ್ಮಿ ಮಸಿ ಕುಂತ್ರ ಹಾಸು ಪೂರಾ ಹೋಗ್ತದ ಅಂತ ನಾವೇ ಕೇಳ್ಕೊಂಡಿದ್ವಿ." ಭಟ್ಟಿ ಉರಿಸುವ ಎಣ್ಣೆಯ ಲೆಕ್ಕದ ಪುಸ್ತಕ ತೆಗೆಸಿದೆ. ಆ ಹತ್ತೊಂಬತ್ತು ದಿನವೂ ಒಂದು ತೊಟ್ಟು ಎಣ್ಣೆ ಖರ್ಚಾಗಿರಲಿಲ್ಲ. ಮೊದಲ ಸಲವೇ ಇದನ್ನು ನೋಡಬೇಕಿತ್ತು.

ಮಾಲೀಕರ ಮುಖ ಅರಳಿತು. "ಸಾಕಮ್ಮಾ, ತರ್ಜುಮೆ ತಪ್ಪಾತು ಅಂತ ಒಂದ್ ಸಾಲು ಬರೀರಿ, ಮುಗೀತು."

ಮುಗಿಯುವ ಮಾತಾಗಿರಲಿಲ್ಲ. 'ಹವಾ ಬಂದ್' ಅಂದರೆ ಗಾಳಿ ನಿಂತಿತ್ತು ಎಂದಾದರೆ, ಉಳಿದ ದಿನಗಳ 'ಹವಾ ಚಾಲೂ' ಕೂಡ ಬರಿಯ ಗಾಳಿಯ ಮಾತೇ. ಪಂಖಾ ತಿರುಗಿತ್ತು ಎನ್ನುವುದಕ್ಕೆ ಆ ಪುಸ್ತಕದಲ್ಲಿ ಒಂದಕ್ಷರ ಸಾಕ್ಷಿಯೂ ಉಳಿಯಲಿಲ್ಲ. ಇದನ್ನು ಹೇಳಿದಾಗ ಮಾಲೀಕರು ಕುರ್ಚಿಯಲ್ಲಿ ಕುಸಿದರು. ಮೇಸ್ತ್ರಿ ಮಾತ್ರ ಎದ್ದು ಹೋಗಿ, ತಗಡಿನ ಡಬ್ಬಿಯೊಂದನ್ನು ತಂದರು. ಅದರಲ್ಲಿ ಸೋಸುವ ಚೀಲ ಝಾಡಿಸಿದಾಗ ಬಿದ್ದ ಬೂದಿಯನ್ನು ತೂಗಿ, ಅದನ್ನು ಒಯ್ಯುವ ಗಾಡಿಯವನಿಂದ ಪಡೆದ ರಸೀದಿಗಳಿದ್ದವು, ತಿಂಗಳಿಗೊಂದರಂತೆ. ಪಂಖಾ ಎಳೆಯದಿದ್ದರೆ ಚೀಲದಲ್ಲಿ ಬೂದಿ ಕೂರುವುದಿಲ್ಲ. ಉರಿದ ಎಣ್ಣೆಗೂ ಬಿದ್ದ ಬೂದಿಗೂ ತಾಳೆ ನೋಡಿದೆ. ಸರಿಹೊಂದಿತು.

ಅಲ್ಲೇ ಕುಳಿತು ತಿದ್ದುಪಡಿ ವರದಿ ಬರೆದೆ. ದಸ್ಕತ್ತಿಗೆಂದು ಮುಂದಿಟ್ಟರೆ ಮೇಸ್ತ್ರಿ ಪೆನ್ನು ಮುಟ್ಟಲಿಲ್ಲ.

"ಹೋದ ಸರ್ತಿ ಇಂಗ್ಲಿಷ್‌ನ್ಯಾಗ ಏನ್ ಬರದ್ರೋ ನಂಗ ಗೊತ್ತಾಗಲಿಲ್ಲ. ಈ ಸರ್ತಿ ಓದಿ ಹೇಳ್ರಿ, ಆಮ್ಯಾಲ ದಸ್ಕತ್."

ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. 'ಮೊದಲ ವರದಿಯ ತಪ್ಪು ನನ್ನದು. ಶಬ್ದದ ಅರ್ಥ ವಿಚಾರಿಸದೆ, ಎಣ್ಣೆ ಪುಸ್ತಕ ನೋಡದೆ ಬರೆದೆ' ಎಂಬಲ್ಲಿಗೆ ಬಂದಾಗ ಅವರು ಕೈ ಎತ್ತಿದರು.

"ಇದ್ರಿಂದ ನಿಮ್ಮ ನೌಕರಿಗಿ ಏನರ ಆಗ್ತದೇನ್ರಿ?"

"ಆಗಬಹುದು."

ಅವರು ಕಾಗದವನ್ನು ನನ್ನ ಕಡೆ ಸರಿಸಿದರು. "ಹಂಗಾದ್ರ ನಂದೂ ಬರೀರಿ. ಖಾನೆ ಯಾತಕ್ಕ ಐತಿ ಅಂತ ನಾ ಕೇಳಲಿಲ್ಲ. ಕೇಳಾಕ ನಾಚಿಕಿ ಬಂತು."

"ಅದು ಬರೆದರೆ ನಿಮ್ಮ ಮ್ಯಾಲೂ ತಪ್ಪು ಬರ್ತದ್ರಿ. ಬ್ಯಾಡ."

"ಖರೇ ಐತಲ್ಲ, ಬರೀರಿ."

ಬರೆದೆ. ಅದನ್ನೂ ಓದಿ ಹೇಳಿದೆ. ಆಮೇಲೆ ಮೇಸ್ತ್ರಿ ಕನ್ನಡದಲ್ಲಿ, ಅಕ್ಷರ ಬಿಡಿಸಿ, ತಮ್ಮ ಹೆಸರು ಬರೆದರು. ಕೆಳಗೆ ನಾನು ನನ್ನದನ್ನು ಬರೆದೆ. ಮಂಡಳಿ ಒಪ್ಪುತ್ತದೆ ಎಂಬ ಭರವಸೆ ನನಗಿತ್ತು. ಒಪ್ಪದಿದ್ದರೆ ನಾನೇ ಹೋಗಿ ಎದುರಿಗೆ ನಿಂತು ಹೇಳುವುದೆಂದು ನಿಶ್ಚಯಿಸಿಕೊಂಡೆ.

ಸಂಜೆಯ ರೈಲಿಗೆ ಗದ್ವಾಲ ಬಿಟ್ಟೆ. ಊರು ದಾಟುವಾಗ ಕಿಟಕಿಯಿಂದ ಭಟ್ಟಿಯ ಚಿಮಣಿ ಕಾಣಿಸಿತು. ತುದಿಯಲ್ಲಿ ಏನೂ ಇರಲಿಲ್ಲ, ಬರಿಯ ಆಕಾಶ. ಈ ಕೆಲಸಕ್ಕೆ ಸೇರಿದಂದಿನಿಂದ ಹೊಗೆಯಿಲ್ಲದ ಚಿಮಣಿ ಕಂಡರೆ ನನಗೆ ಸಂತೋಷ. ಅವತ್ತೊಂದು ದಿನ ಮಾತ್ರ, ಅದು ಬೇಗ ಹೊಗೆಯಾಡಲಿ ಎಂದು ಕಣ್ಣಿಂದ ಮರೆಯಾಗುವವರೆಗೂ ನೋಡುತ್ತ ಕುಳಿತೆ.