ಸೋಡಾ ಗ್ಯಾಸಿನ ಕೋಣೆಯಲ್ಲಿ ಈಶಾಡದ ಪರಿಮಳ

ದೆವ್ವ, ಶಕುನದ ಮಾತು ಬಂದರೆ ಎದ್ದು ಹೋಗುವವನು ನಾನು. ಈಗಲೂ ಅವನ್ನು ನಂಬುತ್ತೇನೆಂದಲ್ಲ. ಆದರೆ ಒಂದು ಮಧ್ಯಾಹ್ನ ನಡೆದದ್ದನ್ನು ಮಾತ್ರ ಇಷ್ಟು ವರ್ಷವಾದರೂ ನನಗೆ ನಾನೇ ಬಿಡಿಸಿ ಹೇಳಿಕೊಳ್ಳಲು ಆಗಿಲ್ಲ.

ಚೆಂಡಿಯಾದ ನಮ್ಮ ಜಮೀನು ನೌಕಾನೆಲೆಗೆ ಹೋದ ಮೇಲೆ ಅಂಕೋಲೆಯ ಹಟ್ಟಿಕೇರಿಗೆ ಬಂದು ನೆಲೆಸಿದೆವು. ನಾನು ಸೋಡಾ ತಯಾರಿಸಿ ಅಂಗಡಿಗಳಿಗೆ ಹಾಕುತ್ತಿದ್ದೆ. ಅಪ್ಪನ ಮನಸ್ಸು ಅಜ್ಜ ನೆಟ್ಟ ಕರಿ ಈಶಾಡ ಮಾವಿನ ಮರದಲ್ಲೇ ಇತ್ತು. ಹೊರಡುವಾಗ ಅದರ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಕಸಿ ಕಟ್ಟಿದ್ದರು. ಆ ಮಳೆಗಾಲ ಬಿಸಿಲೇ ಕಾಣದೆ ಕಸಿಗಳು ಒಂದೊಂದಾಗಿ ಸಾಯತೊಡಗಿದವು. ಅಷ್ಟರಲ್ಲಿ ಚೆಂಡಿಯಾದ ಆ ಮರವೂ ಉರುಳಿತ್ತು. ಇವೂ ಹೋದರೆ ಅದರ ಕುಲವೇ ಮುಗಿದಂತೆ.

ಮುಚ್ಚಿದ ಮನೆಯೊಳಗೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಗಿಡ ಬೆಳೆಸುತ್ತಾರೆಂದು ಎಲ್ಲೋ ಓದಿದ್ದೆ. ನಾನು ಸೋಡಾಕ್ಕೆ ತುಂಬುವುದೂ ಅದೇ ಗ್ಯಾಸ್. ಉಳಿದ ಕಸಿಗಳನ್ನು ಹಿಂದಿನ ಕೋಣೆಗೆ ಸಾಗಿಸಿ, ಟ್ಯೂಬ್‌ಲೈಟ್ ಕಟ್ಟಿ, ಸಿಲಿಂಡರಿನಿಂದ ಪೈಪ್ ಎಳೆದು ಸ್ವಲ್ಪ ಸ್ವಲ್ಪ ಗ್ಯಾಸ್ ಬಿಡತೊಡಗಿದೆ. ಗಿಡಕ್ಕೂ ಸೋಡಾ ಕುಡಿಸುತ್ತೀಯಾ ಎಂದು ಅಪ್ಪ ನಕ್ಕರು. ಕಸಿಗಳು ಚಿಗುರಿದಾಗ ಕೇರಿಯವರನ್ನೆಲ್ಲ ಕರೆತಂದು, ಇದು ನನ್ನ ಮಗ ಮಾಡಿದ್ದು ಎಂದು ಎದೆಯುಬ್ಬಿಸಿ ತೋರಿಸಿದವರೂ ಅವರೇ.

ಗೋಕುಲಾಷ್ಟಮಿ ಕಳೆದಿತ್ತು. ಊಟ ಮುಗಿಸಿ ಆ ಕೋಣೆಯ ನೆಲದ ಮೇಲೆ ಕೂತು ಕಸಿಗಳ ಎಲೆ ಒರೆಸುತ್ತಿದ್ದೆ. ಹೊರಗೆ ಜೋರು ಮಳೆ. ತಲೆ ಭಾರವಾಗುತ್ತಿತ್ತು, ಊಟ ಹೆಚ್ಚಾಯಿತೆಂದುಕೊಂಡೆ. ಆಗ ಮಾಗಿದ ಈಶಾಡದ ಪರಿಮಳ ಬಂತು. ಹುಲ್ಲಿನಲ್ಲಿ ಹಣ್ಣಿಗಿಟ್ಟ ಕಾಯಿಗಳನ್ನು ಆಗಷ್ಟೇ ತೆರೆದ ಹಾಗೆ. ಮಾವಿನ ಕಾಲ ಮುಗಿದು ಎಷ್ಟೋ ದಿನವಾಗಿತ್ತು. ಯಾರು ತಂದರಪ್ಪ ಎಂದು ನೋಡಲು ಎದ್ದು ಹೊರಗೆ ಬಂದೆ.

ಜಗಲಿಯಲ್ಲಿ ಅಪ್ಪ ಮೂಗೆತ್ತಿ ನಿಂತಿದ್ದರು. ನಾನಿನ್ನೂ ಬಾಯಿ ತೆರೆದಿರಲಿಲ್ಲ.

“ಈಶಾಡ ಯಾರು ತಂದ್ರೋ ತಮಾ? ನಮ್ಮ ಮರದ್ದೇ ಹಣ್ಣು.”

ಇಬ್ಬರೂ ಮನೆಯೆಲ್ಲ ಹುಡುಕಿದೆವು. ಪಕ್ಕದ ಮನೆಯವರನ್ನೂ ಕೇಳಿದೆವು. ಯಾರೂ ಏನೂ ತಂದಿರಲಿಲ್ಲ. ಪರಿಮಳವೂ ಹೋಗಿಬಿಟ್ಟಿತ್ತು.

ಮಳೆ ತುಸು ನಿಂತಿತ್ತು. ಮರಳಿ ಕೋಣೆಯ ಬಾಗಿಲು ತೆರೆದರೆ ಒಳಗೆ, ಮಳೆಯ ಅಬ್ಬರದಲ್ಲಿ ಕೇಳಿಸದಿದ್ದ ಬುಸ್ಸೆನ್ನುವ ಸದ್ದು. ಪೈಪ್ ಕಳಚಿಕೊಂಡು ಗ್ಯಾಸ್ ಸುರಿಯುತ್ತಿತ್ತು. ಹೊಸ್ತಿಲಲ್ಲೇ ನಿಂತು ಬೆಂಕಿಕಡ್ಡಿ ಗೀರಿ ಕೆಳಗೆ ಹಿಡಿದೆ. ಮೊಣಕಾಲಿನ ಮಟ್ಟಕ್ಕೆ ಬರುವಷ್ಟರಲ್ಲಿ, ನೀರಿಗೆ ಅದ್ದಿದ ಹಾಗೆ ಆರಿತು. ಆ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ತುಂಬಿಕೊಳ್ಳುತ್ತದೆ. ನಾನು ಕೂತಿದ್ದದ್ದು ಅಲ್ಲೇ. ಉಸಿರು ಬಿಗಿಹಿಡಿದು ಹೋಗಿ ಸಿಲಿಂಡರ್ ಬಂದ್ ಮಾಡಿ, ಬಾಗಿಲು ತೆರೆದಿಟ್ಟು ಜಗಲಿಗೆ ಬಂದು ಕೂತೆ. ಅಪ್ಪ ಬೆನ್ನು ಸವರುತ್ತಿದ್ದರು.

ಗ್ಯಾಸ್ ತಲೆಗೇರಿದರೆ ಇಲ್ಲದ ವಾಸನೆ ಬಂದೀತು ಎಂದರು ಪರಿಚಯದ ಡಾಕ್ಟರು. ನನ್ನ ಮಟ್ಟಿಗೆ ಒಪ್ಪಿದೆ. ಆದರೆ ಅಪ್ಪ ಜಗಲಿಯಲ್ಲಿ ಮಳೆಗಾಳಿಗೆ ಮುಖವೊಡ್ಡಿ ನಿಂತಿದ್ದವರು.

ಅಪ್ಪನಿಗೆ ಇದರಲ್ಲಿ ಸೋಜಿಗವೇ ಇರಲಿಲ್ಲ. “ಅದು ನಮ್ಮ ಮರ. ನಮ್ಮೋರನ್ನ ಹಂಗೆಲ್ಲ ಬಿಡೂದಿಲ್ಲ” ಎಂದರು, ಮನೆತನದ ಹಿರಿಯರೊಬ್ಬರನ್ನು ಹೊಗಳುವ ಹೆಮ್ಮೆಯಲ್ಲಿ.

ಆ ಕಸಿಗಳು ಉಳಿದವು. ಅವುಗಳ ಮರಿಗಳು ಇಂದು ಶೆಟಗೇರಿಯವರೆಗೂ, ನಮ್ಮಂತೆ ಜಮೀನು ಬಿಟ್ಟು ಬಂದ ಎಷ್ಟೋ ಮನೆಗಳ ಅಂಗಳದಲ್ಲಿವೆ. ನನಗದು ಹೆಮ್ಮೆಯೇ, ಮುಚ್ಚಿಡುವುದೇಕೆ? ಸಸಿ ಒಯ್ಯಲು ಬಂದವರು ಕೋಣೆಯ ವಿಷಯ ಕೇಳುತ್ತಾರೆ. ಗ್ಯಾಸ್ ಬಿಟ್ಟಾಗ ಒಳಗೆ ಕೂರಬೇಡಿ, ನಾನು ಸಾಯುವುದರಲ್ಲಿದ್ದೆ ಎನ್ನುತ್ತೇನೆ. ಮತ್ತೆ ಹೇಗೆ ಉಳಿದಿರಿ ಎಂದು ಅವರು ಕೇಳಿದರೆ, ಎದ್ದು ಹೊರಗೆ ಬಂದೆ ಎಂದಷ್ಟೇ ಹೇಳಿ ಸಸಿಯ ಬುಡಕ್ಕೆ ಗೋಣಿ ಸುತ್ತತೊಡಗುತ್ತೇನೆ.